ಮೂರು ವಾರದ ಲೆಕ್ಕ

೬ ಜನವರಿ ೨೦೨೫, ಬೆಳಗ್ಗೆ ೬.೩೦

ರಾಗಿ ಹಾಕಿ, ನೀರು ಬದಲಿಸಿ ಬಂದೆ. ಕರಿ ಹೇಂಟೆ ಹೊಸೂರಿನ ಹುಂಜದ ಜೊತೆ ಒಗ್ಗಿಕೊಂಡಿದೆ. ನಮ್ಮ ಕೆಂಪು ಹುಂಜ ಪಕ್ಕದ ಗೂಡಿನಲ್ಲಿ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದೆ. ಕೂಗಲಿ.

ಮಾವನವರು ಬೆಳೆಸಿದ ಅಸೀಲ್ ಕೋಳಿ ತಳಿಯಲ್ಲಿ ಉಳಿದಿರುವ ಹೇಂಟೆ ಇದೊಂದೇ. ಅದಕ್ಕೆ ಆರು ವರ್ಷವಾಯಿತು. ರಾಮನಗರದ ಕೋಳಿ ಶೋನಲ್ಲಿ ನೆಟ್ಟಗಿನ ಮೂಗು, ಮೊಟಕು ಬಾಲ ಕೇಳುತ್ತಾರೆ. ಅದು ನಮ್ಮದು. ಹೊಸೂರಿನಲ್ಲಿ ಗಿಣಿಯಂಥ ಬಾಗಿದ ಮೂಗು, ನೆಲ ಗುಡಿಸುವ ಬಾಲ. ಹೋದ ನವೆಂಬರಿನಲ್ಲಿ ಅಲ್ಲಿಯ ಜಡ್ಜ್ ನಮ್ಮ ಕೆಂಪು ಹುಂಜ ನೋಡಿ, "ಸಾರಿಗೆ ಚೆನ್ನಾಗಿರುತ್ತೆ ಆಂಟಿ" ಅಂದ. ಆಂಟಿ! ಅಲ್ಲೇ ಒಂದು ಗಿಣಿಮೂಗಿನ ಹುಂಜ ಕೊಂಡು ಕೆಂಗೇರಿಗೆ ತಂದೆ. ಮರಿಗಳಲ್ಲಿ ಕೆಲವು ಇತ್ತ, ಕೆಲವು ಅತ್ತ ಹೋದರೆ ಎರಡೂ ಕಪ್ ನಮ್ಮದೇ.

ಸೊಸೆ ಲತಾ ಕೇಳಿದಳು, "ಇತ್ಲಾಗೂ ಇಲ್ಲ ಅತ್ಲಾಗೂ ಇಲ್ಲ ಅಂತಾದ್ರೆ ಅತ್ತೆ?"

ರಾಗಿ ಡಬ್ಬ ಅವಳ ಕೈಗೆ ಕೊಟ್ಟೆ.

೧೪ ಜನವರಿ, ಸಂಕ್ರಾಂತಿ

ರಾಮನಗರದ ಕೋಳಿ ಸಾಕುವವರ ಸಂಘದ ಮುರಳೀಕೃಷ್ಣ ಫೋನ್ ಮಾಡಿದ್ದರು. ಈ ವರ್ಷದಿಂದ ಶುದ್ಧ ತಳಿಯ ಮರಿಗಳ ಕಾಲಿಗೆ ರಿಂಗ್, ರಿಜಿಸ್ಟರಿನಲ್ಲಿ ಮನೆತನದ ಹೆಸರು. ರಿಂಗ್ ಇಲ್ಲದಿದ್ದರೆ ಶೋ ಇಲ್ಲ.

"ಗಂಗಲಕ್ಷ್ಮಮ್ಮನೋರೆ, ನಿಮ್ಮನ್ನ ಪೇಪರ್ ಕೇಳೋಕಾಗುತ್ತಾ? ನಿಮ್ಮ ಬಾಯ್ಮಾತೇ ಸಾಕು."

ಮಾವನವರ ಹೆಸರು ರಿಜಿಸ್ಟರಿನಲ್ಲಿ... ಸಂಜೆಯೇ ಹೇಂಟೆಯನ್ನು ಎತ್ತಿ ಕೆಂಪು ಹುಂಜದ ಗೂಡಿಗೆ ಬಿಟ್ಟೆ.

ಇನ್ನು ಕಾಯಬೇಕು. ಹುಂಜ ಬದಲಿಸಿದರೆ ಮುಂದಿನ ಮೂರು ವಾರ ಇಡುವ ಮೊಟ್ಟೆ ಅಡುಗೆಮನೆಗೆ, ಕಾವಿಗಲ್ಲ. ಹಳೆಯ ಹುಂಜದ ಅಂಶ ಅಷ್ಟು ದಿನ ಹೇಂಟೆಯ ಹೊಟ್ಟೆಯಲ್ಲೇ ಇರುತ್ತದೆ. ಇದು ಮಾವನವರ ಕಟ್ಟಳೆ. ಪಾಲಿನಲ್ಲಿ ಒಂದು ಹೇಂಟೆ ಮೈದುನ ವೆಂಕಟೇಶನಿಗೂ ಹೋಗಿತ್ತು. ಸಂತೆಯ ಹುಂಜದಿಂದ ಬಿಡಿಸಿ ನಮ್ಮ ಮನೆ ಹುಂಜಕ್ಕೆ ಬಿಟ್ಟ, ಮೂರು ವಾರ ಕಾಯದೆ ಮರಿ ಮಾಡಿಸಿದ. ಅವನದೇ ಗೃಹಪ್ರವೇಶದಲ್ಲಿ, ನೆಂಟರೆಲ್ಲರ ಮುಂದೆ ಹೇಳಿದೆ: "ಬೆರಕೆ ಮರಿಗೆ ನಮ್ಮ ಮನೆ ಹೆಸರು ಹಾಕ್ಬೇಡ ಕಣಪ್ಪ." ನಾಲ್ಕು ವರ್ಷವಾಯಿತು, ಹೆಗ್ಗನಹಳ್ಳಿಯಿಂದ ಇತ್ತ ಬಂದಿಲ್ಲ.

೨೬ ಜನವರಿ

ಹನ್ನೆರಡೇ ದಿನ. ಆರು ಮೊಟ್ಟೆ. ಹೇಂಟೆ ಆಗಲೇ ಕಾವಿಗೆ ಕೂತಿದೆ, ಕೈ ಇಟ್ಟರೆ ಕುಕ್ಕುತ್ತದೆ. ಈ ವಯಸ್ಸಿಗೆ ಇನ್ನೊಮ್ಮೆ ಇಡುತ್ತದೋ ಇಲ್ಲವೋ.

ಲತಾ ಬಟ್ಟಲು ಹಿಡಿದು ಬಂದಳು. "ಅತ್ತೆ, ಆಮ್ಲೆಟ್ ಮಾಡ್ಲಾ? ಇನ್ನೂ ಮೂರು ವಾರ ಆಗಿಲ್ವಲ್ಲ."

"ಬಟ್ಟಲು ಒಳಗಿಡು."

"ಚಿಕ್ಕಮಾವಂಗೆ ಅಂದಿದ್ರಲ್ಲ..."

"ಒಳಗಿಡು ಅಂದೆ."

ಆರನ್ನೂ ಕಾವಿಗೆ ಬಿಟ್ಟೆ. ಹನ್ನೆರಡು ದಿನ ಕಡಿಮೆಯೇನಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ. ಹಿತ್ತಿಲಿಗೂ ಜಗುಲಿಗೂ ಎಷ್ಟು ಸಲ ಓಡಾಡಿದೆನೋ.

೧೬ ಫೆಬ್ರವರಿ

ನಾಲ್ಕು ಮರಿ. ಲತಾ ಸಂಘದ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಿದಳಂತೆ, ಎಲ್ಲರೂ ಕಂಗ್ರಾಟ್ಸ್. ಮುರಳೀಕೃಷ್ಣ "ಅಪ್ಪಟ ತಳಿ" ಅಂತ ಬರೆದಿದ್ದಾರೆ. ನಾನು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೂ ಹೇಳಿದ ಹಾಗೇ.

೩ ಮಾರ್ಚ್

ಹೇಂಟೆ ಸತ್ತಿತು. ನಿನ್ನೆಯಿಂದ ನೀರು ಮುಟ್ಟಿರಲಿಲ್ಲ. ಇನ್ನು ಈ ನಾಲ್ಕೇ.

೧೧ ಜೂನ್

ಮೂರು ತಿಂಗಳು ಬರೆಯಲಿಲ್ಲ. ಬರೆಯುವುದೇನು, ದಿನಾ ಮೂಗು ನೋಡುವುದೇ ಕೆಲಸ. ಒಂದರ ಮೂಗು ಬಾಗಿದೆ. ಅನುಮಾನವೇ ಇಲ್ಲ, ಹೊಸೂರು. ಉಳಿದ ಮೂರರದು ನೆಟ್ಟಗಿದೆ.

ಲತಾ: "ಆ ಒಂದನ್ನ ಯಾರಿಗಾದ್ರೂ ಕೊಟ್ಬಿಡಿ ಅತ್ತೆ. ಯಾರಿಗೆ ಗೊತ್ತಾಗುತ್ತೆ?"

ಮೂಗು ನೆಟ್ಟಗಿದ್ದ ಮಾತ್ರಕ್ಕೆ ಅಪ್ಪ ಕೆಂಪು ಹುಂಜವೇ ಅಂತ ಹೇಗೆ ಹೇಳಲಿ? ತಾಯಿಯ ಹಾಗೂ ಬಂದಿರಬಹುದು. ಭಾನುವಾರ ರಿಂಗ್ ಹಾಕಲು ಬರುತ್ತಾರೆ.

೧೫ ಜೂನ್, ಭಾನುವಾರ

ಮುರಳೀಕೃಷ್ಣ ಬಂದರು. ರಿಜಿಸ್ಟರ್ ತೆರೆದರು, ಪೆನ್ನು ತೆಗೆದರು. "ಮೂರಕ್ಕಾ, ನಾಲ್ಕಕ್ಕಾ ಅಮ್ಮ?"

"ಒಂದಕ್ಕೂ ಬೇಡ. ಅಪ್ಪ ಯಾರು ಗೊತ್ತಿಲ್ಲ ಅಂತ ಬರ್ಕೊಳ್ಳಿ."

ನಕ್ಕರು. ನಾನು ನಗಲಿಲ್ಲ.

"ಹಾಗೆ ಯಾರೂ ಬರ್ಸಲ್ಲಮ್ಮ."

"ನಾನು ಬರೆಸ್ತಾ ಇದೀನಲ್ಲ. ಬರೀರಿ."

ಬರೆದರು. ಕಾಫಿ ಅರ್ಧ ಬಿಟ್ಟು ಹೋದರು. ಮಾವನವರ ತಳಿ ನನ್ನ ಕೈಯಲ್ಲೇ ಮುಗಿಯಿತು.

೧೭ ಜೂನ್

ವೆಂಕಟೇಶನ ಫೋನ್. ನಾಲ್ಕು ವರ್ಷದ ಮೇಲೆ.

"ಏನತ್ತಿಗೆ, ಅಪ್ಪ ಯಾರು ಗೊತ್ತಿಲ್ಲ ಅಂತ ಬರೆಸಿದ್ರಂತೆ?"

"ಹೂಂ. ನಗೋದಿದ್ರೆ ನಕ್ಕು ಫೋನ್ ಇಡು."

ನಗಲಿಲ್ಲ. "ನನ್ನ ಹೇಂಟೆ ಆಮೇಲೂ ಮೊಟ್ಟೆ ಇಟ್ಟಿತ್ತು. ಮೂರು ವಾರ ಅಲ್ಲ, ಎರಡು ತಿಂಗಳು ಕಳೆದ್ಮೇಲೆ. ಹುಂಜ ಬದಲಿಸಿರ್ಲಿಲ್ಲ, ನಮ್ಮನೆ ಹುಂಜಾನೇ ಇತ್ತು. ಆ ಮರಿಗಳನ್ನ ಬೇರೇನೇ ಬೆಳೆಸ್ದೆ. ಈಗ ಅವುಗಳದ್ದೇ ಹದಿನಾಲ್ಕು ಇದಾವೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ?"

೧೮ ಜೂನ್, ಬೆಳಗ್ಗೆ ೯

ಲತಾ ಚೀಲಕ್ಕೆ ಹಣ್ಣು ತುಂಬಿದಳು. ಹೆಗ್ಗನಹಳ್ಳಿಗೆ ಬರಿಗೈಯಲ್ಲಿ ಹೋಗಬಾರದು. ಆಟೋ ಬಾಗಿಲಲ್ಲಿ ನಿಂತಿದೆ, ಆಟೋದವನು ಎರಡು ಸಲ ಹಾರ್ನ್ ಹೊಡೆದ.

ಎಲ್ಲರ ಮುಂದೆ ಆಡಿದ ಮಾತು, ಎಲ್ಲರ ಮುಂದೆಯೇ ಹಿಂತೆಗೆದುಕೊಳ್ಳಬೇಕು. ವೆಂಕಟೇಶನ ಹೆಂಡತಿ ಮಕ್ಕಳನ್ನೂ ಕೂರಿಸಿಯೇ ಹೇಳುತ್ತೇನೆ. ಕೋಳಿಯ ಮಾತು ಆಮೇಲೆ. ಮೊದಲು—