ಖಾಲಿ ಕುರ್ಚಿಯಲ್ಲಿ ಕೂತ ತಪ್ಪಿಗೆ

ಅಕ್ಕಾ,

ದ್ವೀಪಕ್ಕೆ ಬಂದು ಸೇರಿದೆ. ದೋಣಿಯಲ್ಲಿ ಎರಡು ಸಲ ವಾಂತಿಯಾಯಿತು, ಈಗ ಗುಂಡುಕಲ್ಲಿನ ಹಾಗಿದ್ದೇನೆ.

ಪಂಚಾಯಿತಿ ಗುಮಾಸ್ತೆಯಾಗಿ ನಿನ್ನೆ ಮೊದಲ ಸಭೆ. ಇಲ್ಲಿ ಕುರ್ಚಿಯನ್ನು ಅವರವರೇ ತರಬೇಕು. ಮನೆಗೊಂದರಂತೆ ತಲೆಯ ಮೇಲೆ ಹೊತ್ತು ಜನ ಇರುವೆಸಾಲಿನ ಹಾಗೆ ದಿಬ್ಬ ಹತ್ತಿ ಬಂದರು. ಬರಲಾಗದವರ ಕುರ್ಚಿಯನ್ನು ಪಕ್ಕದ ಮನೆಯವರು ತಂದಿಡುತ್ತಾರೆ. ಇದು ಗೊತ್ತಿಲ್ಲದೆ ಖಾಲಿ ಇದ್ದ ಒಂದರಲ್ಲಿ ನಾನು ಕೂತುಬಿಟ್ಟೆ. ಅದು ಸೊಂಟ ಮುರಿದು ಮಲಗಿರುವ, ಬಲೆ ಹೆಣೆಯುವ ಅಜ್ಜಿಯದು. ಇಡೀ ಸಭೆ ನನ್ನತ್ತ ತಿರುಗಿತು.

ವಾರಕ್ಕೆರಡು ದಿನ ದೋಣಿಯಲ್ಲಿ ಬರುವ ನರ್ಸಮ್ಮ ಇನ್ನು ಒಂದೇ ದಿನ ಬಂದರೆ ಸಾಕೇ ಎಂಬುದು ಅಂದಿನ ಪ್ರಶ್ನೆ.

"ಕೂತಾಯ್ತಲ್ಲ ತಾಯಿ, ಆ ಮನೆ ಮಾತು ಇನ್ನು ನೀವೇ ಆಡ್ಬೇಕು" ಎಂದರು ಅಧ್ಯಕ್ಷರು.

"ಅಜ್ಜಿ ಮುಖಾನೇ ನೋಡಿಲ್ಲ ಸಾರ್!"

"ಹಾಗಾದ್ರೆ ಹೋಗಿ ಕೇಳ್ಕೊಂಡು ಬನ್ನಿ. ಕಾಯ್ತೀವಿ."

ನಿಜಕ್ಕೂ ಕಾದರು ಅಕ್ಕಾ, ಮುಕ್ಕಾಲು ಗಂಟೆ! ಅಜ್ಜಿ ಹೇಳಿದ್ದನ್ನು ಏದುಸಿರು ಬಿಡುತ್ತಾ ಬಂದು ಒಪ್ಪಿಸಿದೆ: "ಸೊಂಟ ವಾರಕ್ಕೊಂದೇ ದಿನ ನೋಯೋದಾದ್ರೆ ಅವಳೂ ಒಂದೇ ದಿನ ಬರ್ಲಿ."

ಎರಡು ದಿನವೇ ಉಳಿಯಿತು.

ನನ್ನ ಮಂಡಿಗೆಂದು ನೀನು ಕಟ್ಟಿಕೊಟ್ಟ ಎಣ್ಣೆಯನ್ನು ಅಜ್ಜಿಗೆ ಕೊಟ್ಟೆ, ಬೈಯಬೇಡ. ಇನ್ನೊಂದು ಸೀಸೆ ಕಳಿಸು. ಟಪಾಲು ದೋಣಿ ಕೂಗುತ್ತಿದೆ, ಕಾರ್ಡಿನಲ್ಲಿ ಜಾಗವೂ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಅಜ್ಜಿಯ ಕುರ್ಚಿ! ಅವರು ಎದ್ದು ಓಡಾಡುವವರೆಗೆ ಅದನ್ನು ಹೊರುವವಳು ನಾನಂತೆ.

ನಿನ್ನ ತಂಗಿ