ನೀನು ಮುಚ್ಚಿದ ಎಂಜಿನ್ನನ್ನು ಬಿಚ್ಚಿದೆವು

ನನ್ನೊಡನೆ ವಾದಿಸದೆ ಒಂದು ಲೋಟ ಚಹಾವನ್ನೂ ಮುಗಿಸದಿದ್ದ ಗೆಳೆಯ ಮುನಿರಾಜುವಿಗೆ,

ಬಾಗಲೂರು ರಸ್ತೆಯ ನಿನ್ನ ಶೆಡ್ಡಿನಲ್ಲಿ ನೀನು ಕೊನೆಯ ಬಾರಿ ಟಾರ್ಕ್ ರೆಂಚ್ ಹಿಡಿದ ಸಂಜೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಂಜಿನ್ನನ್ನು ಮೇಲಿನಿಂದ ಮುಚ್ಚುವ ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಹಂತಹಂತವಾಗಿ ಬಿಗಿಯುತ್ತಾ ಬಂದೆ. ಸರಿಯಾದ ಬಿಗಿ ಮುಟ್ಟಿ ರೆಂಚ್ ಟಕ್ಕೆಂದಾಗಲೆಲ್ಲ ತಲೆಯಾಡಿಸಿದೆ. ಎಲ್ಲ ಮುಗಿದ ಮೇಲೆ ಎಂಜಿನ್ನಿನ ಮೇಲೆ ಅಂಗೈಯಿಟ್ಟು, "ಮೇಷ್ಟ್ರೇ, ಭಾನ್ವಾರ ಸ್ಟಾರ್ಟ್ ಮಾಡ್ಬುಡಾಣ. ಟರ್ಬೋ ಹಾಕಿರೋ ನನ್ ಮೊದಲ್ನೇ ಎಂಜಿನ್ನು. ಹೆಂಗ್ ಕೂಗ್ತದೆ ನೋಡೀರಂತೆ" ಎಂದೆ. ಭಾನುವಾರವೇನೋ ಬಂತು. ಅದಕ್ಕೆ ಮೊದಲೇ ನಿನ್ನ ಎದೆ... ಆ ವಾಕ್ಯವನ್ನು ಮುಗಿಸಲು ನನಗೆ ಇಂದಿಗೂ ಆಗುತ್ತಿಲ್ಲ.

ನಿನ್ನ ಶೆಡ್ಡಿನ ಬಲಗೈಯಂತಿದ್ದ ಗೋಪಿ ಒಮ್ಮೆ ಪಿಸ್ಟನ್ ರಿಂಗುಗಳನ್ನು ತಲೆಕೆಳಗಾಗಿ ಕೂರಿಸಿ ಎಂಜಿನ್ ಮುಚ್ಚಿದ್ದು ನಿನಗೆ ನೆನಪಿದೆಯೇ? ಹೊಗೆ ಕಂಡೊಡನೆ ಬಿಚ್ಚಲು ಹೋದ ಹುಡುಗರನ್ನು ತಡೆದು, ಅತ್ತೆಯ ಊರಿಗೆ ಹೋಗಿದ್ದ ಅವನನ್ನೇ ಕರೆಸಿದೆ. "ಮುಚ್ಚಿದೋನೇ ಬಿಚ್ಚಬೇಕು ಕಣ್ಲಾ. ತಪ್ಪು ಮೊದ್ಲು ಅವ್ನ ಕಣ್ಣಿಗೇ ಬೀಳ್ಬೇಕು, ಊರೋರ ಕಣ್ಣಿಗಲ್ಲ" ಎಂದೆ. ಶಿಕ್ಷೆಯೆಂದು ಹುಡುಗರು ತಿಳಿದರು. ಅದು ಕರುಣೆಯೆಂದು ನನಗೆ ಗೊತ್ತಿತ್ತು. ಅಂದಿನಿಂದ ನಿನ್ನ ಶೆಡ್ಡಿಗೆ ಅದೇ ಕಟ್ಟಳೆಯಾಯಿತು; ಒಬ್ಬರು ಮುಚ್ಚಿದ ಹೆಡ್ಡನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಆದರೆ ಮುಚ್ಚಿದವನೇ ಇಲ್ಲವಾದರೆ ಏನು ಮಾಡಬೇಕೆಂದು ನೀನು ಹೇಳಲಿಲ್ಲ. ನಾವೂ ಕೇಳಲಿಲ್ಲ.

ನಿನ್ನ ಮನೆಯ ಜಗಲಿಯಲ್ಲಿ ಮುದ್ದೆ ಉಣ್ಣುತ್ತಲೇ ನಿನಗೂ ಕಾವೇರಿಗೂ ನಡೆದ ಜಗಳಕ್ಕೆ ನಾನು ಸಾಕ್ಷಿ. ಹೊಸೂರಿನ ಕಾರ್ಖಾನೆಯ ತರಬೇತಿ ಶಾಲೆಯಲ್ಲಿ ನನ್ನ ಕೈಯಲ್ಲೇ ಕಲಿತ ನಿನ್ನ ಮಗಳು, ಆಗಲೇ ಎಂಜಿನ್ ಪರೀಕ್ಷಾ ವಿಭಾಗದಲ್ಲಿ ಶಿಫ್ಟ್ ಮಾಡುತ್ತಿದ್ದಳು. "ಅಪ್ಪಾ, ಟರ್ಬೋನೇ ಗಾಳೀನ ಒತ್ತಿ ತುಂಬ್ತದೆ. ಅದರ ಮೇಲೆ ನಿನ್ ಪಿಸ್ಟನ್ನೂ ಅಷ್ಟು ಒತ್ತಿದ್ರೆ ಪೆಟ್ರೋಲು ಉರಿಯಲ್ಲ, ಸಿಡೀತದೆ. ಕಂಪ್ರೆಷನ್ ಇಳ್ಸು" ಎಂದಳು. ನೀನು ನಕ್ಕೆ. "ಕಾರ್ಬುರೇಟರ್ ಕಾಲದಿಂದ ರೇಸ್ ಎಂಜಿನ್ ಕಟ್ತಾ ಇವ್ನಿ. ಕಂಪ್ರೆಷನ್ ಇಳ್ಸಿದ್ರೆ ಅದು ರೇಸ್ ಎಂಜಿನ್ನಾ, ನೀರೆತ್ತೋ ಪಂಪ್‌ಸೆಟ್ಟಾ? ಮೇಷ್ಟ್ರೇ, ಇದನ್ನೇನಾ ನೀವು ಕಲ್ಸಿದ್ದು?" ಟರ್ಬೋ ಇಲ್ಲದ ಕಾಲದಲ್ಲಿ ಒತ್ತಡವೇ ನಿನ್ನ ಬಲವಾಗಿತ್ತು. ನಿನ್ನನ್ನು ದೊಡ್ಡವನನ್ನಾಗಿ ಮಾಡಿದ್ದನ್ನು ಕೈಬಿಡುವುದು ಸುಲಭವೇ? ಕಾವೇರಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಮಜ್ಜಿಗೆ ಕೇಳಿ ಮಾತು ತಿರುಗಿಸಿದೆ.

ನಿನ್ನ ತಿಥಿಕಾರ್ಯಗಳೆಲ್ಲ ಮುಗಿದ ಮರುವಾರ ನಾವು ಶೆಡ್ಡಿನ ಬಾಗಿಲು ತೆರೆದೆವು. ಚೆನ್ನೈ ಹತ್ತಿರದ ಟ್ರ್ಯಾಕಿನ ರೇಸಿಗೆ ನೀನು ಶೆಡ್ಡಿನ ಹೆಸರಿನಲ್ಲೇ ಕಾರನ್ನು ನೋಂದಾಯಿಸಿದ್ದೆ. ಬದುಕಿಡೀ ಬೇರೆಯವರ ಕಾರುಗಳಿಗೆ ಎಂಜಿನ್ ಕಟ್ಟಿಕೊಟ್ಟವನ ಮೊದಲ ಸ್ವಂತ ಕಾರು ಅದು. ನೀನು ಬಿಟ್ಟುಹೋದಂತೆಯೇ ಓಡಿಸಿ ನಿನಗೆ ಗೌರವ ಸಲ್ಲಿಸಬೇಕೆಂದು ಗೋಪಿ ಹಟ ಹಿಡಿದ. ಕಾವೇರಿ ಬೇಡವೆಂದಳು, ಆದರೆ ನಿನ್ನ ಚಿತ್ರದ ಮುಂದೆ ನಿಂತು ಎಷ್ಟೆಂದು ವಾದಿಸಿಯಾಳು? ಕಾರಿಗೆ ಕೂರಿಸುವ ಮೊದಲು ಪರೀಕ್ಷಾ ಸ್ಟ್ಯಾಂಡಿನ ಮೇಲೆಯೇ ಎಂಜಿನ್ ಚಾಲೂ ಮಾಡಿದೆವು. ಮುನಿರಾಜು, ಎಷ್ಟು ಚೆಂದವಾಗಿ ಕೂಗಿತು ಗೊತ್ತೇ? ಗೋಪಿ ಕಣ್ಣೊರೆಸಿಕೊಂಡ. ಆಮೇಲೆ ಟರ್ಬೋದ ಒತ್ತಡವನ್ನು ಒಂದೊಂದೇ ಹಂತ ಏರಿಸುತ್ತಾ ಹೋದಂತೆ, ಆ ಕೂಗಿನೊಳಗೆ ಇನ್ನೊಂದು ಸದ್ದು ಹುಟ್ಟಿತು. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ. ಪೆಟ್ರೋಲು ಸಿಡಿಯುತ್ತಿದೆಯೆಂದು ನಮಗೆಲ್ಲ ಅರ್ಥವಾಗುವಷ್ಟರಲ್ಲಿ ಕಾವೇರಿ ಎಂಜಿನ್ ನಿಲ್ಲಿಸಿಯಾಗಿತ್ತು.

ಗೋಪಿ ಮೊದಲು ಮಾತನಾಡಿದ. "ಅಣ್ಣ ಮುಚ್ಚವ್ನೆ. ನಾನಂತೂ ಮುಟ್ಟಲ್ಲ. ಕಮ್ಮಿ ಒತ್ತಡದಾಗೆ ಓಡ್ಸಾಣ, ಏನೂ ಆಗಲ್ಲ."

"ಗೋಪಿಯಣ್ಣ, ಕಮ್ಮಿ ಒತ್ತಡದಾಗೆ ಓಡ್ಸೋಕೆ ಟರ್ಬೋ ಯಾಕೆ? ಅಲಂಕಾರಕ್ಕಾ?" ಎಂದಳು ಕಾವೇರಿ.

"ನೀನು ನಂಗೆ ಹೇಳ್ಕೊಡ್ತೀಯೇನಮ್ಮ? ನಿನ್ನ ಎತ್ತಿ ಆಡ್ಸಿದೋನು ನಾನು."

"ಅದ್ಕೇ ಹೇಳ್ತಾ ಇವ್ನಿ. ಬೇರೆಯೋರಾದ್ರೆ ಸುಮ್ನೆ ಬಿಚ್ತಿದ್ದೆ."

ಬಾಗಿಲಲ್ಲಿ ನಿಂತಿದ್ದ ನಿನ್ನ ರತ್ನಮ್ಮ ಅಡ್ಡಬಂದರು. "ಅವ್ರು ಕಟ್ಟಿದ್ದನ್ನ ಬಿಚ್ಚೋದಂದ್ರೆ, ತಪ್ಪು ಮಾಡವ್ರೆ ಅಂತ ಊರಿಗೆಲ್ಲ ಸಾರಿದಂಗೆ ಅಲ್ವೇನೇ? ವರ್ಷ ತುಂಬೋವರೆಗಾದ್ರೂ ಬಿಡೇ." ಕಾವೇರಿ ತಾಯಿಯ ಮುಖವನ್ನೇ ನೋಡಿದಳು. "ಅಮ್ಮ, ಇಲ್ಲಿ ಬಿಚ್ಚಿದ್ರೆ ನಮಗೆ ನಾಕ್ ಜನಕ್ಕೆ ಗೊತ್ತಾಗ್ತದೆ. ಅಲ್ಲಿ ಟ್ರ್ಯಾಕ್‌ನಾಗೆ ಒಡೆದೋದ್ರೆ ಊರಿಗೆಲ್ಲ ಗೊತ್ತಾಗ್ತದೆ. ಅಪ್ಪನ ಕಡೇ ಎಂಜಿನ್ ಒಡೆದೋಯ್ತು ಅಂತಾರೆ. ಆಮೇಲೆ ಈ ಶೆಡ್ಡಿಗೆ ಒಂದು ನಟ್ಟೂ ಬರಲ್ಲ." ರತ್ನಮ್ಮ ಸೆರಗಿನಿಂದ ಬೆಂಚಿನ ಧೂಳು ಒರೆಸತೊಡಗಿದರು. ಅದನ್ನು ಅನುಮತಿಯೆಂದು ತಿಳಿಯಬೇಕೋ ಬೇಡವೋ... ಎಲ್ಲರೂ ನನ್ನತ್ತ ತಿರುಗಿದರು. ನಿನ್ನ ಕಟ್ಟಳೆಯನ್ನು ನಿನ್ನಷ್ಟೇ ಬಲ್ಲವನು ನಾನೊಬ್ಬನೇ ಉಳಿದಿದ್ದೆ. "ಮುಚ್ಚಿದವನು ತನ್ನ ತಪ್ಪನ್ನು ಕಾಣಬೇಕು ಎಂಬುದಷ್ಟೇ ಮುನಿರಾಜುವಿನ ಮಾತು. ಒಳಗೆ ಏನು ಕಂಡಿತೆಂದು ಅವನಿಗೆ ನಾನು ತಿಳಿಸುತ್ತೇನೆ. ನೀನು ಬಿಚ್ಚಮ್ಮ" ಎಂದೆ. ಈ ಪತ್ರ ಆ ಮಾತಿನ ಋಣ.

ಆದ್ದರಿಂದ ಕೇಳು. ನೀನು ನುಣುಪುಗೊಳಿಸಿದ್ದ ಗಾಳಿದಾರಿಗಳು ಒಳಗೆ ಕನ್ನಡಿಯಂತಿದ್ದವು. ವಾಲ್ವುಗಳು ಕೂದಲೆಳೆಯಷ್ಟೂ ತಪ್ಪಿಲ್ಲದೆ ಕೂತಿದ್ದವು. ಬೇರಿಂಗುಗಳಲ್ಲಿ ಒಂದು ಗೀರೂ ಇರಲಿಲ್ಲ. ಆದರೆ ಮೂರನೆಯ ಪಿಸ್ಟನ್ನಿನ ಅಂಚು ಇರುವೆ ಮುತ್ತಿದ ಬೆಲ್ಲದಂತೆ ಸವೆದಿತ್ತು, ರಿಂಗು ಕೂರುವ ತೋಡಿನಲ್ಲಿ ಸಣ್ಣ ಬಿರುಕು ಮೂಡಿತ್ತು. ಇನ್ನೊಂದು ಓಟವಾಗಿದ್ದರೆ ಪಿಸ್ಟನ್ ಚೂರಾಗಿ, ನಿನ್ನ ಅಷ್ಟೂ ಕೆಲಸವನ್ನು ಹಾಳುಮಾಡುತ್ತಿತ್ತು. ನೀನೇ ಬಿಚ್ಚಿದ್ದರೆ ಏನು ಮಾಡುತ್ತಿದ್ದೆ? ಬಹುಶಃ ಬೈದುಕೊಂಡು, ಬೀಡಿ ಹಚ್ಚಿ, ಆಮೇಲೆ ಮಗಳನ್ನು ಕರೆಯುತ್ತಿದ್ದೆ. ಕಾವೇರಿ ಗೆದ್ದೆನೆಂದು ಬೀಗಲಿಲ್ಲ. ಆ ಪಿಸ್ಟನ್ನನ್ನು ಅಂಗೈಯಲ್ಲಿ ತಿರುಗಿಸಿ ನೋಡುತ್ತಾ, "ಉಳಿದಿದ್ದೆಲ್ಲ ಎಷ್ಟು ಚೆನ್ನಾಗ್ ಮಾಡವ್ರೆ, ಅಲ್ವಾ ಮೇಷ್ಟ್ರೇ" ಎಂದಳು.

ಹೊಸ ಪಿಸ್ಟನ್ನುಗಳಿಗೆ ಕಾಯುತ್ತಿದ್ದ ದಿನಗಳಲ್ಲಿ ಗೋಪಿ ಇನ್ನೊಂದು ದಾರಿ ಹುಡುಕಿದ. "ಹೆಡ್ಡಿನ್ ಕೆಳ್ಗೆ ದಪ್ಪನೆ ಗ್ಯಾಸ್ಕೆಟ್ ಹಾಕ್ಬುಟ್ರೆ ಆಯ್ತಲ್ಲ? ಕಂಪ್ರೆಷನ್ ತಾನಾಗೇ ಇಳೀತದೆ, ಅಣ್ಣನ ಮಿಕ್ಕ ಪಿಸ್ಟನ್ನೂ ಉಳೀತವೆ." ಕಾವೇರಿ ಅವನನ್ನು ಗದರಲಿಲ್ಲ. ಹಾಗೆ ಮಾಡಿದರೆ ಹೆಡ್ಡಿನಡಿಯ ಬಿಗಿ ಸಡಿಲವಾಗುವುದನ್ನೂ, ಒಳಗಿನ ಉರಿ ಅಂಚಿನವರೆಗೆ ಸರಿಯಾಗಿ ಹರಡದಿರುವುದನ್ನೂ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದಳು. ಗೋಪಿ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತು ನೋಡಿದ. "ಹಂಗಾದ್ರೆ ಅಣ್ಣನ್ ಪಿಸ್ಟನ್ನು ಒಂದೂ ಇರಲ್ವಾ?" "ಇರಲ್ಲ, ಗೋಪಿಯಣ್ಣ." ಅವನು ಎದ್ದು ಹೋಗಿ ಬ್ಲಾಕ್ ತೊಳೆಯಲು ಸೀಮೆಎಣ್ಣೆ ತಂದ. ಕಂಪ್ರೆಷನ್ ಇಳಿಸಲೆಂದೇ ನಡುವೆ ತಗ್ಗಿಟ್ಟು, ಲೋಹವನ್ನು ಬಡಿದು ಮಾಡಿದ ಫೋರ್ಜ್ಡ್ ಪಿಸ್ಟನ್ನುಗಳು ಕೊಯಮತ್ತೂರಿನಿಂದ ಬಂದವು. ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ನೀನು ಇಟ್ಟ ಜಾಗದಿಂದ ಕಾವೇರಿ ಕಾರಿನ ಮೂತಿಗೇ ತಂದಳು. ಶಿಫ್ಟ್ ಬಸ್ಸಿಳಿದು ನೇರವಾಗಿ ಶೆಡ್ಡಿಗೆ ಬಂದು, ಹೆಡ್ಡನ್ನು ತಾನೇ ಮುಚ್ಚಿದಳು. ಈ ಸಲ ಒತ್ತಡವನ್ನು ಪೂರ್ತಿ ಏರಿಸಿದಾಗಲೂ ಕಲ್ಲಿನ ಸದ್ದು ಕೇಳಲಿಲ್ಲ.

ರೇಸಿನ ದಿನದ ಬಿಸಿಲು ನನ್ನ ಬೆನ್ನಿನಲ್ಲಿ ಇನ್ನೂ ಉರಿಯುತ್ತಿದೆ. ನೀನೇ ಆರಿಸಿದ್ದ ಚಾಲಕ, ಕೃಷ್ಣಗಿರಿಯ ಸೆಲ್ವಂ, ಆರಂಭದಿಂದಲೇ ನುಗ್ಗಿ ಮೂರನೆಯ ಸ್ಥಾನಕ್ಕೆ ಬಂದ. ಗೋಪಿ ತಡೆಗೋಡೆಯ ಮೇಲೆ ಹತ್ತಿ ಕೂಗುತ್ತಿದ್ದ. ಕಾವೇರಿ ಮಾತ್ರ ಪರದೆಯ ಮೇಲಿನ ಅಂಕಿಗಳಿಂದ ಕಣ್ಣು ಕೀಳಲಿಲ್ಲ. ಮುಂದಿನ ಕಾರುಗಳ ಹಿಂದೆಯೇ ಅಂಟಿಕೊಂಡು ಓಡಿದ್ದರಿಂದ ತಂಪುಗಾಳಿ ಸಿಗದೆ, ಎಂಜಿನ್ನಿಗೆ ಹೋಗುವ ಗಾಳಿ ಬಿಸಿಯೇರುತ್ತಿತ್ತು. ಇನ್ನು ಕೆಲವೇ ಸುತ್ತು. ಹಾಗೆಯೇ ಬಿಟ್ಟರೆ ಪದಕ ಸಿಗಬಹುದು. ಇಲ್ಲವೇ ನಾವು ಬಿಚ್ಚಿ ಕಂಡದ್ದೇ ಎಲ್ಲರೆದುರು ಮತ್ತೆ... "ಮೇಷ್ಟ್ರೇ?" ಎಂದಳು. ನಾನು ಬಾಯಿ ತೆರೆಯಲಿಲ್ಲ. ಕಲಿಸಿದವನು ಸುಮ್ಮನಿರಬೇಕಾದ ಹೊತ್ತು ಒಂದು ಬರುತ್ತದೆ. ಅವಳು ಒತ್ತಡ ಇಳಿಸೆಂಬ ಫಲಕವನ್ನು ತಾನೇ ಎತ್ತಿ ಹಿಡಿದಳು. ಸೆಲ್ವಂ ಇಳಿಸಿದ. ಎರಡು ಕಾರುಗಳು ಅವನನ್ನು ದಾಟಿದವು. ಐದನೆಯವನಾಗಿ ಗೆರೆ ದಾಟಿದಾಗ ನಿನ್ನ ಎಂಜಿನ್ ಹದವಾಗಿ, ಇಡಿಯಾಗಿ ಉಸಿರಾಡುತ್ತಿತ್ತು.

"ಎನ್ನಕ್ಕಾ ಇದು! ಕೈಗೆ ಬಂದಿದ್ದನ್ನ ಬಿಡಿಸ್ಬುಟ್ಟೆ" ಎಂದು ಸೆಲ್ವಂ ಹೆಲ್ಮೆಟ್ ತೆಗೆಯುವ ಮೊದಲೇ ತಮಿಳು ಬೆರೆಸಿ ರೇಗಿದ. "ಕೈಗೆ ಬಂದಿತ್ತು ಸರಿ. ಕಾರಿನ್ ಕೆಳಗೆ ಕೈ ಹಾಕಿ ಪಿಸ್ಟನ್ ಚೂರು ಆರಿಸ್ತಿದ್ಯಾ ನೀನು?" ಎಂದಳು ಕಾವೇರಿ. ಅವನು ಮುಖ ಊದಿಸಿಕೊಂಡ. ಊಟದ ಹೊತ್ತಿಗೆ ಇಬ್ಬರೂ ಒಂದೇ ಪೊಟ್ಟಣದ ಬಿರಿಯಾನಿ ತಿನ್ನುತ್ತಿದ್ದರು. ಪಕ್ಕದ ತಂಡದವರೊಬ್ಬರು ಬಂದು, ತಮ್ಮ ಟರ್ಬೋ ಎಂಜಿನ್ನನ್ನು ಕಟ್ಟಿಕೊಡುತ್ತೀರಾ ಎಂದು ಅವಳನ್ನು ಕೇಳಿದರು. ಅವಳನ್ನು, ಮುನಿರಾಜು. ನನ್ನನ್ನಲ್ಲ, ಗೋಪಿಯನ್ನಲ್ಲ.

ಮೊನ್ನೆ ಸೆಲ್ವಂ ನಿನ್ನ ಹೆಸರನ್ನು ಕನ್ನಡದಲ್ಲೂ ತಮಿಳಿನಲ್ಲೂ ದೊಡ್ಡದಾಗಿ ಬರೆಸಿದ ಸ್ಟಿಕ್ಕರ್ ತಂದ. ಎಂಜಿನ್ನಿನ ಮೇಲ್ಮುಚ್ಚಳಕ್ಕೆ ಅಂಟಿಸಬೇಕೆಂದು ಅವನ ಆಸೆ, ಗೋಪಿಗೂ ಅದೇ ಆಸೆ. ನಿಜ ಹೇಳಬೇಕೆಂದರೆ ನನಗೂ. ಕಾವೇರಿ ಆ ಸ್ಟಿಕ್ಕರನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ನಿನ್ನ ಹೆಸರಿನ ಮೇಲೆ ಬೆರಳಾಡಿಸಿದಳು, ಆಮೇಲೆ ಅವನಿಗೇ ಹಿಂದಿರುಗಿಸಿದಳು.

"ಬ್ಯಾಡ ಕಣೋ. ಅಪ್ಪನ ಹೆಸರು ಅಂಟಿಸ್ಬುಟ್ರೆ, ಇನ್ಮೇಲೆ ಯಾರೂ ಇದನ್ನ ಬಿಚ್ಚೋಕೆ ಧೈರ್ಯ ಮಾಡಲ್ಲ."

ಗೋಪಿ ತಲೆ ತಗ್ಗಿಸಿದ. ರತ್ನಮ್ಮ ಒಲೆಯ ಮೇಲಿನ ಚಹಾ ಉಕ್ಕುತ್ತಿದೆಯೆಂದು ಒಳಗೆ ಹೋದರು. ನಾನು ಅವಳಿಗೆ ಇಷ್ಟು ವರ್ಷ ಏನೇನೋ ಕಲಿಸಿದೆ. ಇದನ್ನು ಕಲಿಸಿದ ನೆನಪಿಲ್ಲ. ನೀನು ಕಲಿಸಿದ್ದೆಯಾ?

ಅದರ ಮೇಲೆ ನಿನ್ನ ಹೆಸರಿಲ್ಲ, ಗೆಳೆಯಾ. ಬರುವ ಶನಿವಾರ ಮತ್ತೆ ಬಿಚ್ಚುತ್ತೇವೆ.

ನಿನ್ನ
ಮೇಷ್ಟ್ರು