ಮಾವನ ಹಳದಿ ಸಾಣೆಕಲ್ಲು

ಸೋಲಿಂಗೆನ್
ಭಾನುವಾರ ಬೆಳಿಗ್ಗೆ

ಪ್ರೀತಿಯ ಮಾವ,

ಒಂದೇ ಸೂರಿನಡಿ ಇದ್ದುಕೊಂಡು ಮಾವನಿಗೆ ಕಾಗದ ಬರೆಯುವ ಸೊಸೆ ನಾನೊಬ್ಬಳೇ ಇರಬೇಕು. ಎದುರಿಗೆ ನಿಂತು ಹೇಳಲು ಎಷ್ಟೋ ಸಲ ಬಾಯಿ ತೆರೆದೆ. ನೀವು ಕ್ಷೌರಕ್ಕೆಂದು ಗದ್ದ ಮುಂದೆ ಮಾಡಿ ಕೂತಿರುತ್ತಿದ್ದಿರಿ, ನನ್ನ ಕೈಯಲ್ಲಿ ಸೋಪಿನ ಬ್ರಷ್ಷು ಇರುತ್ತಿತ್ತು, ನೊರೆ ಹಚ್ಚಲು ಶುರು ಮಾಡಿಬಿಡುತ್ತಿದ್ದೆ. ಅದಕ್ಕೇ ಈ ಕಾಗದ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಭೂತಗನ್ನಡಿ ಪಕ್ಕದಲ್ಲೇ ಇಟ್ಟಿದ್ದೇನೆ.

ನಿಮ್ಮ ಕೈ ಕೆಟ್ಟಿರಲಿಲ್ಲ, ಮಾವ. ಕೆಟ್ಟಿದ್ದು ನಿಮ್ಮ ಹಳದಿ ಸಾಣೆಕಲ್ಲು. ಕೆಡಿಸಿದವಳು ನಾನು.

ಎರಡು ವರ್ಷದ ಹಿಂದೆ, ಚಳಿಗಾಲಕ್ಕೆಂದು ಎಲೆಕೋಸು ಹೆಚ್ಚಿ ಉಪ್ಪು ಹಾಕುವ ದಿನಗಳು. ನನ್ನ ಚಾಕು ಮೊಂಡಾಗಿತ್ತು. ಮಸೆದು ಕೊಡಿ ಎಂದು ನಿಮ್ಮನ್ನು ಕೇಳಬಹುದಿತ್ತು. ಕೇಳಿದರೆ ಏನನ್ನುತ್ತೀರಿ ಅಂತಲೂ ಗೊತ್ತಿತ್ತು. ಮದುವೆಯಾಗಿ ಈ ಕತ್ತಿಗಳ ಊರಿಗೆ ಬಂದ ದಿನದಿಂದ ಅದೇ ಮಾತು: "ರೆಮ್‌ಶೈಡಿನೋಳಿಗೆ ಅಲಗಿನ ವಿಷ್ಯ ಏನಮ್ಮಾ ಗೊತ್ತು? ನಿಮ್ಮೂರಲ್ಲಿ ಅರ ಮಾಡ್ತಾರೆ, ಆ ಅರದಲ್ಲೇ ಗಡ್ಡಾನೂ ಕೆರ್ಕೋತಾರೆ!" ಕೂತವರೆಲ್ಲ ನಗುತ್ತಿದ್ದರು, ನಿಮ್ಮ ಮಗ ವಿಲ್ಫ್ರೀಡನೂ ಸೇರಿ. ನನಗೆ ಮೈ ಉರಿಯುತ್ತಿತ್ತು. ಆ ಹಟಕ್ಕೆ ನಿಮ್ಮ ಕಲ್ಲಿಗೇ ಕೈ ಹಾಕಿದೆ. ಮೂರು ವಾರ, ನೀವು ಹಾಡಿನ ಸಂಘಕ್ಕೆ ಹೋದಾಗಲೆಲ್ಲ, ನೀರು ಚಿಮುಕಿಸಿ ಕಲ್ಲಿನ ನಡುಮಧ್ಯೆ ಗಸಗಸ ಉಜ್ಜಿದೆ. ಕೋಸು ಚೆನ್ನಾಗಿ ಸಣ್ಣಗೆ ಬಿತ್ತು. ಕಲ್ಲು ಒರೆಸಿ, ಬಟ್ಟೆ ಸುತ್ತಿ, ಇದ್ದಲ್ಲೇ ಇಟ್ಟೆ.

ಆಮೇಲೆ ನೀವು ನಿಮ್ಮ ಕ್ಷೌರದ ಕತ್ತಿಗೆ ಸಾಣೆ ಕೊಡಲು ಕೂತಿರಿ. ಬೆನ್ನೂ ಬಾಯೂ ಒಟ್ಟಿಗೆ ಕಲ್ಲಿಗೆ ತಾಗಬೇಕು, ಭಾರ ಹಾಕಬಾರದು ಎನ್ನುತ್ತಿದ್ದಿರಿ; ಹಾಗೆಯೇ ಮಾಡಿದಿರಿ. ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿಸಿ ಎಳೆದಿರಿ. ಒಂದು ತಲೆಗೂದಲು ಹಿಡಿದು ಕತ್ತಿಯ ಬಾಯಿಗೆ ತಾಗಿಸಿದರೆ ಅದು ಬಾಗಿತು, ತುಂಡಾಗಲಿಲ್ಲ. ಮತ್ತೆ ಕಲ್ಲು, ಮತ್ತೆ ಪಟ್ಟಿ. ಮಂಜಾದ ಕಣ್ಣಿಗೆ, ಕಲ್ಲಿನ ನಡುವೆ ನಾನು ಉಜ್ಜಿ ಸವೆಸಿದ್ದ ತಗ್ಗು ಕಾಣಲಿಲ್ಲ. ಆ ಕಲ್ಲನ್ನು ನೀವಲ್ಲದೆ ಬೇರೆ ಯಾರೂ ಮುಟ್ಟುವುದಿಲ್ಲವೆಂದೇ ನಿಮ್ಮ ನಂಬಿಕೆ! ನಲವತ್ತೆರಡು ವರ್ಷ ಊರೂರಿಗೆ ಹೋಗುವ ಕತ್ತಿಗಳಿಗೆ ಸಾಣೆ ಹಿಡಿದ ಮನುಷ್ಯ ಕೊನೆಗೆ ಅನುಮಾನಪಟ್ಟಿದ್ದು ತನ್ನ ಕೈಯನ್ನೇ.

ಸಂಘದ ವಾರ್ಷಿಕೋತ್ಸವದ ದಿನ ದವಡೆಯ ಉದ್ದಕ್ಕೂ ಗೀರಿಕೊಂಡು ಹೋದಿರಿ. ನಿಮ್ಮ ಗೆಳೆಯ ಆಲ್ವಿನ್ ಸುಮ್ಮನಿರುವ ಆಸಾಮಿಯೇ? "ಏನೋ ಎವಾಲ್ಡಾ, ಆಲೂಗೆಡ್ಡೆ ಸುಲಿಯೋಕೆ ಹೋಗಿ ಮುಖ ಸುಲ್ಕೊಂಡ್ಯಾ?" ಸಭೆಗೆ ಸಭೆಯೇ ನಕ್ಕಿತು, ನೀವೂ ನಕ್ಕಿರಿ. ಮನೆಗೆ ಬಂದು ಕತ್ತಿ ಮಡಿಸಿಟ್ಟು, "ಕೈ ಹೋಯ್ತು ಎರ್ನಾ. ಮುಗೀತು ಇನ್ನು" ಅಂದಿರಿ. ನೀವು ಮಲಗಲು ಹೋದ ಮೇಲೆ ಕಲ್ಲಿನ ಮೇಲೆ ಅಡಿಪಟ್ಟಿ ನಿಲ್ಲಿಸಿ ನೋಡಿದೆ. ಅದರ ಕೆಳಗಿನಿಂದ ಬೆಳಕು ತೂರಿ ಬಂತು. ಆಗಲೇ ನನಗೆ ಎಲ್ಲ ಗೊತ್ತಾಯಿತು.

ಮೊದಲು ಸುಮ್ಮನಿದ್ದದ್ದು ಹೆದರಿಕೆಯಿಂದ. ಆಮೇಲಿನದು ಹೆದರಿಕೆಯಲ್ಲ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಮಾರನೆಯ ವಾರ ನೀವು, "ನಿನ್ ಕೈ ಗಟ್ಟಿಯಾಗಿದೆ ಮಗಳೇ, ನೀನೇ ಹೆರೆದುಬಿಡು" ಎಂದು ವಿಲ್ಫ್ರೀಡನ ಬ್ಲೇಡಿನ ರೇಜರನ್ನು ನನ್ನ ಕೈಗೆ ಕೊಟ್ಟಿರಿ. ಅಲ್ಲಿಯವರೆಗೆ ಒಮ್ಮೆಯೂ ನನ್ನನ್ನು ಮಗಳೇ ಅಂದವರಲ್ಲ. ಬಂದವರ ಮುಂದೆಲ್ಲ, "ನನ್ ಸೊಸೆ ಕೈ ನೋಡ್ರೋ, ಒಂದ್ ಗೀರು ಬಿದ್ದಿಲ್ಲ" ಎಂದು ಹೊಗಳುತ್ತಿದ್ದಿರಿ. ನನಗೆ ಅದು ಇಷ್ಟವಾಯಿತು, ಮಾವ. ಹಾಡಿನ ಪುಸ್ತಕ ಹಿಡಿದಾಗ ಕೈ ನಡುಗಿದರೆ ನಾಲ್ಕು ಜನ ನೋಡುತ್ತಾರೆಂದು ನೀವು ಸಂಘ ಬಿಟ್ಟಿರಿ. ಕಾಫಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದಿರಿ. ನಾನು ನೋಡುತ್ತಲೇ ಇದ್ದೆ, ಮಗಳು ಎನಿಸಿಕೊಳ್ಳುವ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ. ಇಂಥ ಕೆಲಸವನ್ನು ಹಗೆಯವರೂ ಮಾಡುವುದಿಲ್ಲ.

ಕಳೆದ ಸೋಮವಾರ ನೀವು ವಿಲ್ಫ್ರೀಡನಿಗೆ, "ಕತ್ತಿ, ಕಲ್ಲು ಎಲ್ಲಾ ಆಲ್ವಿನ್‌ಗೆ ಕೊಟ್ಬಿಡಪ್ಪ, ಕೈ ಇಲ್ದೋನ ಮನೇಲಿ ಯಾಕೆ?" ಅಂದಿರಿ. ನಾನು ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಗಾಜಿನ ಹಲಗೆಯ ಮೇಲೆ ನುಣುಪು ಮರಳು, ನೀರು ಹಾಕಿ ಕಲ್ಲನ್ನು ಬೋರಲು ಇಟ್ಟು ಉಜ್ಜಿದೆ. ಕಲ್ಲಿನ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆಯುವುದು, ನಡುವಿನ ಗೆರೆಯೂ ಅಳಿಸುವವರೆಗೆ ಉಜ್ಜುವುದು. ಐದು ದಿನ ಬೇಕಾಯಿತು. ಈಗ ಅಡಿಪಟ್ಟಿಯ ಕೆಳಗೆ ಬೆಳಕು ಬರುವುದಿಲ್ಲ. ಕತ್ತಿಯ ಎಣ್ಣೆ ಒರೆಸಿದ್ದೇನೆ ಅಷ್ಟೇ, ಅದರ ಬಾಯಿಗೆ ನಾನು ಕೈ ಹಚ್ಚಿಲ್ಲ. ಅದು ನಿಮ್ಮ ಕೆಲಸ.

ಎರಡು ವರ್ಷ ಸುಮ್ಮನೆ ಕೂತು ಆ ಕೈ ಈಗ ನಿಜವಾಗಿಯೂ ಸೋತಿದ್ದರೆ ಏನು ಮಾಡಲಿ ಎಂಬ ಭಯ ನನ್ನನ್ನು ತಿನ್ನುತ್ತಿದೆ. ಹಾಗಾಗಿದ್ದರೆ ಆ ಪಾಪವೂ ನನ್ನದೇ. ಮತ್ತೆ ಮಗಳೇ ಎನ್ನದಿದ್ದರೂ ಸರಿ, ಎಷ್ಟು ಬೈದರೂ ಸರಿ, ಎದುರಿಗೆ ನಿಂತು ಕೇಳುತ್ತೇನೆ.

ಬಿಸಿನೀರು ನಿಮ್ಮ ಕೋಣೆಯಲ್ಲಿದೆ, ಕಲ್ಲು ಕತ್ತಿ ಮೇಜಿನ ಮೇಲಿವೆ. ಇವತ್ತು ಎಂದಿನಂತೆ ಎಂಟಕ್ಕೆ ಸೋಪು ಹಿಡಿದು ನಾನಾಗಿ ಬರುವುದಿಲ್ಲ. ನೀವು ಕರೆದರೆ ಮಾತ್ರ ಬರುತ್ತೇನೆ. ಅಡುಗೆಮನೆಯಲ್ಲಿ ಕೂತು, ಮಾವ ತಾವೇ ಹೆರೆದುಕೊಳ್ಳಲಿ, ನನ್ನನ್ನು ಕರೆಯದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೇನೆ.

ನಿಮ್ಮ ಕೈಗೆ ದೇವರು ಬಲ ಕೊಡಲಿ.

ತಲೆ ತಗ್ಗಿಸಿ,
ನಿಮ್ಮ ಸೊಸೆ ಎರ್ನಾ